ಪ್ರವಾಸದ ಪಟ್ಟಿಯಲ್ಲಿ ಗ್ರಂಥಾಲಯ ಯಾಕಿಲ್ಲ?

ಮಳೆ ಬಿಟ್ಟು ಚಳಿ ಶುರುವಾಗುವ ಹೊತ್ತಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಶಾಲೆ–ಕಾಲೇಜುಗಳ ಗೇಟಿನೆದುರು ಪ್ರವಾಸದ ಬಸ್ಸುಗಳು ನಿಲ್ಲತೊಡಗುತ್ತವೆ. ಒಂದೇ ದಿನದ ಪ್ರವಾಸವಾದರೆ ಮಣಿಪಾಲದ ಅಂಗರಚನಾ ಮ್ಯೂಸಿಯಂ, ಪಿಲಿಕುಳದ ಮೃಗಾಲಯ ಮತ್ತು ತಾರಾಲಯ, ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಎರಡು–ಮೂರು ದಿನದ್ದಾದರೆ ಜೋಗ, ಹಂಪಿ, ಮೈಸೂರು. ಎಲ್ಲವೂ ನೋಡಬೇಕಾದ ಜಾಗಗಳೇ. ಆದರೆ ಆ ಪಟ್ಟಿಯಲ್ಲಿ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಇರುವುದು ತೀರಾ ಅಪರೂಪ. ಪದವಿ ತರಗತಿಯ ಮಕ್ಕಳನ್ನಾದರೂ ಒಂದು ದಿನ ಅಲ್ಲಿಗೆ ಕರೆದೊಯ್ದು, ಬಲ್ಲವರೊಬ್ಬರ ಜೊತೆ ಮಹಡಿ ಮಹಡಿ ಸುತ್ತಿಸಿ, ಕಪಾಟಿನಿಂದ ಪುಸ್ತಕ ತೆಗೆಸಿ, ಗಣಕಯಂತ್ರದ ಮುಂದೆ ಕೂರಿಸಿ ಹುಡುಕಿಸಿ ಕರೆತರಬೇಕು. ಇದು ನಮ್ಮ ಮೂರು ತಾಲೂಕುಗಳಿಗೆ ಬೇರೆಡೆಗಿಂತ ಹೆಚ್ಚು ಅಗತ್ಯ ಎಂಬುದು ನನ್ನ ವಾದ.

ಅಗತ್ಯ ಹೆಚ್ಚು ಎನ್ನುವುದಕ್ಕೆ ಕಾರಣ ಸರಳ. ಬೈಂದೂರು ಮತ್ತು ಬ್ರಹ್ಮಾವರ 2018ರಲ್ಲಿ ಪ್ರತ್ಯೇಕ ತಾಲೂಕುಗಳಾದವು. ಕಚೇರಿಗಳು ಬಂದವು, ಬೋರ್ಡುಗಳು ಬದಲಾದವು. ಕಾಲೇಜುಗಳಂತೂ ಮೊದಲೇ ಇದ್ದವು. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 1963ರಷ್ಟು ಹಳೆಯದು. ಕೋಟೇಶ್ವರ, ಶಂಕರನಾರಾಯಣ, ಬಾರಕೂರು, ಬೈಂದೂರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಆದರೆ ಯಾವುದೇ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯ ಈ ಮೂರು ತಾಲೂಕುಗಳಲ್ಲಿ ಇಲ್ಲ. ಬ್ರಹ್ಮಾವರದಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. ಆದರೆ ಆ ವಿಶ್ವವಿದ್ಯಾಲಯದ ಮುಖ್ಯ ಆವರಣ ಘಟ್ಟದ ಮೇಲೆ, ಸಾಗರ ತಾಲೂಕಿನ ಇರುವಕ್ಕಿಯಲ್ಲಿ. ಪದವಿಗೆ ಸಂಯೋಜನೆ ಕೊಡುವ ಮಂಗಳೂರು ವಿಶ್ವವಿದ್ಯಾಲಯ ಕೊಣಾಜೆಯಲ್ಲಿದೆ. ಬೈಂದೂರಿನಿಂದ ಅಲ್ಲಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು ನೂರ ನಲವತ್ತು ಕಿಲೋಮೀಟರ್. ಅಂಕಪಟ್ಟಿಯ ಮೇಲೆ ಆ ವಿಶ್ವವಿದ್ಯಾಲಯದ ಮುದ್ರೆ ಹೊತ್ತು ಹೊರಬರುವ ಎಷ್ಟೋ ಮಕ್ಕಳು ಮೂರು ವರ್ಷದಲ್ಲಿ ಒಮ್ಮೆಯೂ ಅದರ ಗ್ರಂಥಾಲಯದ ಮೆಟ್ಟಿಲು ಹತ್ತಿರುವುದಿಲ್ಲ.

ಹತ್ತಿದರೂ ಏನಾಗುತ್ತದೆ? ಸ್ನಾತಕೋತ್ತರ ಪದವಿಗೆಂದು ಗಂಗೊಳ್ಳಿಯಿಂದಲೋ ಹಳ್ಳಿಹೊಳೆಯಿಂದಲೋ ಹೋದ ಹುಡುಗ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವನು, ಬಾಗಿಲಲ್ಲಿ ಚೀಲ ಇಟ್ಟು ಒಳಗೆ ಹೋಗುತ್ತಾನೆ. ಉದ್ದಕ್ಕೂ ಕಪಾಟು. ಒಂದೊಂದು ಪುಸ್ತಕದ ಬೆನ್ನಿಗೂ ಒಂದೊಂದು ಸಂಖ್ಯೆ. ಎಲ್ಲರೂ ತಲೆ ತಗ್ಗಿಸಿ ಓದುತ್ತಿದ್ದಾರೆ. ಕೌಂಟರಿನಲ್ಲಿ ಕುಳಿತವರು ಕೆಲಸದಲ್ಲಿದ್ದಾರೆ. ‘ಹೆಂಗೆ ಕೇಂಬುದ್ ಮಾರಾಯ’ ಎಂದು ಮನಸ್ಸಿನಲ್ಲೇ ಅಂದುಕೊಂಡು, ದಿನಪತ್ರಿಕೆಯ ಮೇಜಿನ ಹತ್ತಿರ ಕೂತು, ಅರ್ಧ ಗಂಟೆ ಕಳೆದು ಹೊರಬರುತ್ತಾನೆ. ಮುಂದಿನ ಸಲ ಬರುವುದು ಪರೀಕ್ಷೆಯ ನೋಟ್ಸ್ ಜೆರಾಕ್ಸ್ ಮಾಡಿಸಲು.

ಈ ಅಂಜಿಕೆ ನಮ್ಮ ಹಳ್ಳಿಯ ಮಕ್ಕಳದ್ದು ಮಾತ್ರವಲ್ಲ. ಅಮೆರಿಕದ ಕಾನ್‌ಸ್ಟನ್ಸ್ ಮೆಲನ್ ಎಂಬ ಗ್ರಂಥಾಲಯ ತಜ್ಞೆ ಅಲ್ಲಿನ ದಕ್ಷಿಣ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ಎರಡು ವರ್ಷ ಕಾಲ ಆರು ಸಾವಿರ ವಿದ್ಯಾರ್ಥಿಗಳ ಬರಹಗಳನ್ನು ಅಭ್ಯಾಸ ಮಾಡಿದರು. ಮೊದಲ ಬಾರಿ ಸಂಶೋಧನೆಗೆಂದು ಗ್ರಂಥಾಲಯಕ್ಕೆ ಹೋದಾಗಿನ ಅನುಭವವನ್ನು ಆ ವಿದ್ಯಾರ್ಥಿಗಳು ದಿನಚರಿಯಂತೆ ಬರೆದಿಟ್ಟಿದ್ದರು. ಅವರಲ್ಲಿ ಶೇ 75ರಿಂದ 85ರಷ್ಟು ಮಂದಿ ಬಳಸಿದ್ದು ಭಯದ ಮಾತುಗಳನ್ನೇ. ಕಟ್ಟಡ ತೀರಾ ದೊಡ್ಡದು, ಯಾವುದು ಎಲ್ಲಿದೆ ಗೊತ್ತಿಲ್ಲ, ಎಲ್ಲಿಂದ ಶುರುಮಾಡಬೇಕು ತಿಳಿಯದು, ಏನು ಮಾಡಬೇಕೆಂದೇ ತೋಚದು. 1986ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಬಹು ಮುಖ್ಯವೆನಿಸುವುದು ಅಂಕಿಯಲ್ಲ, ಅದರ ಹಿಂದಿನ ಕಾರಣ. ಅಂಜಿದ ವಿದ್ಯಾರ್ಥಿ ಸಾಮಾನ್ಯವಾಗಿ ಉಳಿದವರಿಗೆಲ್ಲ ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ ಎಂದು ನಂಬಿದ್ದ. ಕೇಳಿದರೆ ತನ್ನ ಅಜ್ಞಾನ ಬಯಲಾಗುತ್ತದೆಂದು ಸುಮ್ಮನಿದ್ದ. ಅದಕ್ಕೇ ಗುಂಪಿನ ಸುತ್ತಾಟ ಬೇಕು. ಒಂಟಿಯಾಗಿ ಬಂದವನಿಗೆ ಕೇಳಲು ನಾಚಿಕೆ. ಗುಂಪಿನಲ್ಲಿ ಒಬ್ಬಳು ಕೇಳಿದ ಪ್ರಶ್ನೆ ಹತ್ತು ಮಂದಿಯ ಪ್ರಶ್ನೆಯೂ ಆಗಿರುತ್ತದೆ, ಅದು ಎಲ್ಲರಿಗೂ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಊರುಗಳಿಗೆ ವಿಶ್ವವಿದ್ಯಾಲಯದ ಗ್ರಂಥಾಲಯ ಇಷ್ಟು ಹತ್ತಿರ ಹಿಂದೆಂದೂ ಇರಲಿಲ್ಲ ಎನ್ನುವುದನ್ನೂ ನೆನಪಿಸಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕುಂದಾಪುರ ಸೇರಿದಂತೆ ಇಡೀ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕಾಲೇಜು ಓದಿದವರ ವಿಶ್ವವಿದ್ಯಾಲಯವೂ 1857ರಲ್ಲಿ ಹುಟ್ಟಿದ ಮದ್ರಾಸ್ ವಿಶ್ವವಿದ್ಯಾಲಯವೇ. ಆಮೇಲೆ ಮೈಸೂರು. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕೊಣಾಜೆಯ ಗುಡ್ಡದ ಮೇಲೆ ತೆರೆಯಿತು. ಎಸ್.ವಿ. ಪರಮೇಶ್ವರ ಭಟ್ಟರಂಥವರು ಅದನ್ನು ಮಂಗಳಗಂಗೋತ್ರಿಯಾಗಿ ಕಟ್ಟಿ ಬೆಳೆಸಿದರು. 1980ರ ಸೆಪ್ಟೆಂಬರ್ 10ರಂದು ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಮದ್ರಾಸಿನಿಂದ ಮೈಸೂರಿಗೆ, ಮೈಸೂರಿನಿಂದ ಕೊಣಾಜೆಗೆ ಪುಸ್ತಕಗಳು ನಮ್ಮತ್ತ ಬರುತ್ತಲೇ ಇವೆ. ಕೊನೆಯ ನೂರು ಚಿಲ್ಲರೆ ಕಿಲೋಮೀಟರ್ ನಾವು ಹೋಗಬೇಕಷ್ಟೆ.

ಮದ್ರಾಸಿನ ಮಾತು ಬಂದಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಎಸ್.ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದವರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಹೆಸರಾಗುವ ವ್ಯಕ್ತಿ ಮೊದಲು ಪಾಠ ಹೇಳಿದ ಊರುಗಳಲ್ಲಿ ನಮ್ಮ ಮಂಗಳೂರೂ ಒಂದು. 1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಇಂಗ್ಲೆಂಡಿಗೆ ಹೋದರು. ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂಲಿಕಾರರೂ ಗೃಹಿಣಿಯರೂ ಕಪಾಟಿಗೆ ಕೈಹಾಕಿ ಪುಸ್ತಕ ತೆಗೆಯುವುದನ್ನು ಕಂಡರು. ಬೀಗ ಹಾಕಿದ ಬೀರುವಿನಿಂದ ಓದುಗನಿಗೆ ಬಿಡುಗಡೆ ಬೇಕು ಎಂಬ ಹಟ ಅಲ್ಲಿಂದಲೇ ಶುರುವಾದದ್ದು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು, 1933ರಲ್ಲಿ ಪುಸ್ತಕಗಳನ್ನು ವಿಷಯವಾರು ಜೋಡಿಸುವ ಕೋಲನ್ ವರ್ಗೀಕರಣ ತಂದರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ‘ರೆಫರೆನ್ಸ್ ಸರ್ವಿಸ್’ ಪುಸ್ತಕದಲ್ಲಿ ಹೊಸ ವಿದ್ಯಾರ್ಥಿಗಳನ್ನು ಗ್ರಂಥಾಲಯಕ್ಕೆ ಬರಮಾಡಿಕೊಂಡು ಅದರ ಬಳಕೆ ಕಲಿಸುವ ಕೆಲಸಕ್ಕೆ ಪ್ರತ್ಯೇಕ ಸ್ಥಾನವಿದೆ. ಪುಸ್ತಕ ಕೊಳ್ಳುವುದು, ಜೋಡಿಸುವುದು, ಎರವಲು ಕೊಡುವುದು ಎಷ್ಟು ಮುಖ್ಯವೋ ಹೊಸಬನ ಕೈಹಿಡಿದು ಒಳಗೆ ಕರೆದುಕೊಳ್ಳುವುದೂ ಅಷ್ಟೇ ಮುಖ್ಯ ಎಂದು ಅವರು ತಿಳಿದಿದ್ದರು.

ಇವತ್ತು ಕಾಗದದ ಮೇಲೆ ಈ ಕೆಲಸಕ್ಕೆ ಒಪ್ಪಿಗೆ ಇದೆ. ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮಕ್ಕೆ ಮಾರ್ಗಸೂಚಿ ಹೊರಡಿಸಿತು. ಆ ದಿನಗಳಲ್ಲಿ ಗ್ರಂಥಾಲಯ ತೋರಿಸುವುದೂ ನಡೆಯುತ್ತದೆ. ಆದರೆ ಬಹಳ ಕಡೆ ನಡೆಯುವ ರೀತಿ ಹೀಗೆ: ನೂರಿಪ್ಪತ್ತು ಮಕ್ಕಳು ಸಾಲಾಗಿ ಒಂದು ಬಾಗಿಲಿನಿಂದ ಒಳಗೆ ಬಂದು, ‘ಇದು ರೆಫರೆನ್ಸ್ ವಿಭಾಗ, ಇದು ಪತ್ರಿಕೆ ವಿಭಾಗ, ಮೊಬೈಲ್ ಬಳಸಬಾರದು, ಪುಸ್ತಕ ತಡವಾದರೆ ದಂಡ’ ಎಂಬ ನಾಲ್ಕು ಮಾತು ಕೇಳಿಸಿಕೊಂಡು, ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಹಿಂದೆ ನಿಂತವರಿಗೆ ಮಾತು ಕೇಳಿಸುವುದೂ ಇಲ್ಲ. ಇಂಥ ಸುತ್ತಾಟದಿಂದ ನಯಾಪೈಸೆ ಪ್ರಯೋಜನವಿಲ್ಲ. ದಂಡದ ಮಾತು ಮೊದಲ ದಿನವೇ ಹೇಳಿದರೆ ಇದ್ದ ಅಂಜಿಕೆ ಇಮ್ಮಡಿಯಾಗುತ್ತದೆ, ಅಷ್ಟೆ.

ಒಳ್ಳೆಯ ಸುತ್ತಾಟ ಹೇಗಿರಬೇಕು? ಗುಂಪು ಸಣ್ಣದಿರಬೇಕು, ಹದಿನೈದು ಮಂದಿಗಿಂತ ಹೆಚ್ಚು ಬೇಡ. ಪ್ರತಿಯೊಬ್ಬರ ಕೈಯಲ್ಲಿ ಮನೆಯಿಂದಲೇ ತಂದ ಒಂದು ಪ್ರಶ್ನೆ ಇರಬೇಕು. ಪ್ರಶ್ನೆ ಇಲ್ಲದವನಿಗೆ ಗ್ರಂಥಾಲಯ ಬರೀ ಕಟ್ಟಡ. ಪ್ರಶ್ನೆ ಇದ್ದವನಿಗೆ ಪ್ರತಿ ಕಪಾಟೂ ಒಂದು ಸಾಧ್ಯತೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬ್ರಹ್ಮಾವರ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ ಭತ್ತದ ಬೇಸಾಯದ ಬಗ್ಗೆ ಪುಸ್ತಕ ಬೇಕು ಎಂದಿಟ್ಟುಕೊಳ್ಳಿ. ಗಣಕೀಕೃತ ಸೂಚಿಯಲ್ಲಿ, ಅಂದರೆ ಎಲ್ಲರೂ ಓಪ್ಯಾಕ್ ಎನ್ನುವ ಪಟ್ಟಿಯಲ್ಲಿ, ಅವಳು ಹುಡುಕುತ್ತಾಳೆ. 633.18 ಎಂಬ ಸಂಖ್ಯೆ ಸಿಗುತ್ತದೆ. ಇದು ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ದಶಮಾಂಶ ವರ್ಗೀಕರಣದಲ್ಲಿ ಭತ್ತದ ವಿಳಾಸ. ಚೀಟಿಯಲ್ಲಿ ಬರೆದುಕೊಂಡು ಕಪಾಟಿನ ಹತ್ತಿರ ಹೋಗುತ್ತಾಳೆ. 633.1 ಸಿಕ್ಕಿತು, 633.15 ಸಿಕ್ಕಿತು. ಸ್ವಲ್ಪ ಮುಂದೆ 633.2 ಕಂಡಿತು. ಹದಿನೆಂಟು ಎರಡಕ್ಕಿಂತ ದೊಡ್ಡದಲ್ಲವೇ? ಹಾಗಾದರೆ ಇನ್ನೂ ಮುಂದಿರಬೇಕು ಎಂದು ಅವಳು 633.2, 633.3 ದಾಟಿ ಹೋಗುತ್ತಾಳೆ. ಸಾಲಿನ ಕೊನೆ ಬರುತ್ತದೆ. ಪುಸ್ತಕ ಇಲ್ಲ ಎಂದು ಹಿಂದಿರುಗುತ್ತಾಳೆ. ಪುಸ್ತಕ ಇದ್ದದ್ದು 633.15 ಮತ್ತು 633.2ರ ನಡುವೆ, ಅವಳು ದಾಟಿ ಬಂದ ಜಾಗದಲ್ಲೇ. ಬಿಂದುವಿನ ನಂತರದ ಅಂಕೆಗಳನ್ನು ಒಂದೊಂದಾಗಿ ಹೋಲಿಸಬೇಕು, ಒಂದು ಮೊದಲು, ಎರಡು ಆಮೇಲೆ, ಎಂಟು ಇರಲಿ ಒಂಬತ್ತು ಇರಲಿ ಅದು ಒಂದರ ಒಳಗಿನದು. ಇಷ್ಟನ್ನು ಕಪಾಟಿನ ಮುಂದೆ ನಿಂತು ಬೆರಳಿಟ್ಟು ತೋರಿಸಲು ಗ್ರಂಥಪಾಲಕರಿಗೆ ಎರಡು ನಿಮಿಷ ಸಾಕು. ಯಾರೂ ತೋರಿಸದಿದ್ದರೆ ಒಬ್ಬಳ ಮೂರು ವರ್ಷ ಹಾಗೇ ಹೋಗಬಹುದು.

ಎರಡನೆಯ ಪಾಠ ಇನ್ನೂ ದೊಡ್ಡದು. ನಾವು ಒಂದೇ ಎಂದುಕೊಂಡ ವಿಷಯ ಗ್ರಂಥಾಲಯದಲ್ಲಿ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಭತ್ತದ ಬೇಸಾಯ 633.18ರಲ್ಲಿ. ಕೃಷಿ ಉತ್ಪನ್ನದ ಬೆಲೆಯ ವಿಚಾರ ಅರ್ಥಶಾಸ್ತ್ರದ 338ರಲ್ಲಿ. ಅಕ್ಕಿಯ ಅಡುಗೆ 641ರಲ್ಲಿ. ನಾಟಿ ಹಾಡುಗಳು ಜಾನಪದದ 398ರಲ್ಲಿ. ಯಕ್ಷಗಾನದ ಮೇಲೆ ಬರೆಯಬೇಕೆಂದು ಹೊರಟ ಬಡಗುತಿಟ್ಟಿನ ಅಭಿಮಾನಿಗೂ ಇದೇ ಕಥೆ. ರಂಗಕಲೆ 792ರಲ್ಲಿದ್ದರೆ ಪ್ರಸಂಗ ಸಾಹಿತ್ಯ ಕನ್ನಡ ಸಾಹಿತ್ಯದ 894.814ರಲ್ಲಿ, ಹಿಮ್ಮೇಳದ ವಿಚಾರ ಸಂಗೀತದ ಕಪಾಟಿನಲ್ಲಿ. ಗಂಗೊಳ್ಳಿಯ ಬಂದರಿನ ಮಗಳು ಮೀನುಗಾರಿಕೆಯನ್ನು 639.2ರಲ್ಲಿ ಹುಡುಕಿ ಅಲ್ಲೇ ನಿಂತರೆ ಮೀನು ಎಂಬ ಜೀವಿಯ ಬಗ್ಗೆ 597ರಲ್ಲಿರುವ ಪುಸ್ತಕಗಳು ಅವಳಿಗೆ ಕಾಣುವುದೇ ಇಲ್ಲ. ಇದನ್ನು ಯಾವ ಫಲಕವೂ ಹೇಳುವುದಿಲ್ಲ, ಹೇಳಬಲ್ಲವರು ಮನುಷ್ಯರೇ. ಹತ್ತು ವರ್ಷ ಅದೇ ಕಪಾಟುಗಳ ನಡುವೆ ಓಡಾಡಿದ ಗ್ರಂಥಪಾಲಕರ ತಲೆಯಲ್ಲಿ ಯಾವ ಗಣಕಯಂತ್ರದಲ್ಲೂ ಇಲ್ಲದ ನಕ್ಷೆ ಇರುತ್ತದೆ.

ಇನ್ನು ನಮ್ಮ ಊರುಗಳ ಹೆಸರಿನದೇ ಒಂದು ತೊಡಕು. ಕುಂದಾಪುರದ ಬಗ್ಗೆ ಹಳೆಯ ಪುಸ್ತಕ ಹುಡುಕುವವರು ಇಂಗ್ಲಿಷಿನಲ್ಲಿ ‘ಕೆ’ ಅಕ್ಷರದಿಂದ ಬರೆದರೆ ಅರ್ಧ ಮಾತ್ರ ಸಿಗುತ್ತದೆ. ಬ್ರಿಟಿಷರ ದಾಖಲೆಗಳಲ್ಲಿ ಅದು ‘ಸಿ’ ಅಕ್ಷರದಿಂದ ಶುರುವಾಗಿ ನಡುವೆ ಎರಡೆರಡು ‘ಓ’ ಸೇರಿದ ಕೂಂಡಾಪೂರ್. ಬೈಂದೂರಿಗೂ ಬಾರಕೂರಿಗೂ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಜಿಲ್ಲೆಯ ಹೆಸರಂತೂ ಸೌತ್ ಕೆನರಾ ಎಂದು ಒಮ್ಮೆ ‘ಸಿ’ಯಲ್ಲಿ, ಇನ್ನೊಮ್ಮೆ ‘ಕೆ’ಯಲ್ಲಿ, ಆಮೇಲೆ ದಕ್ಷಿಣ ಕನ್ನಡ, 1997ರ ನಂತರ ಉಡುಪಿ. ಈ ಎಲ್ಲ ರೂಪಗಳನ್ನೂ ಒಂದೊಂದಾಗಿ ಟೈಪು ಮಾಡಿ ನೋಡಿ ಎಂದು ಮಕ್ಕಳಿಗೆ ಹೇಳಿ, ಪರದೆಯ ಮೇಲೆ ಪ್ರತಿ ಸಲವೂ ಬೇರೆ ಬೇರೆ ಪಟ್ಟಿ ಬರುವುದನ್ನು ತೋರಿಸಬೇಕು. ಹುಡುಕುವುದೆಂದರೆ ಏನೆಂಬುದು ಅಲ್ಲಿ ಒಂದೇ ಏಟಿಗೆ ಅರ್ಥವಾಗುತ್ತದೆ.

ಹಾಗೆ ಹುಡುಕಿದವರಿಗೆ ಸಿಗುವುದಾದರೂ ಏನು? ಪರಾಮರ್ಶನ ವಿಭಾಗದಲ್ಲಿ ತಮ್ಮದೇ ಊರು. ಟಿಪ್ಪು ಸುಲ್ತಾನನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ 1801ರ ಮೊದಲ ತಿಂಗಳುಗಳಲ್ಲಿ ಮಂಗಳೂರಿನಿಂದ ಹೊರಟು ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಹಾದು ಭಟ್ಕಳದತ್ತ ಹೋದ. ದಾರಿಯುದ್ದಕ್ಕೂ ಬೆಳೆ, ಭೂಮಿ, ಗೇಣಿ, ಜನ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಲ್ಲಿ ಅದು ಅಚ್ಚಾಯಿತು. ಈಗ ಮಕ್ಕಳು ಬಸ್ಸಿನಲ್ಲಿ ಓಡಾಡುವ ದಾರಿಯ ಇನ್ನೂರು ವರ್ಷ ಹಿಂದಿನ ಚಿತ್ರ ಅದರಲ್ಲಿದೆ. ಸ್ಟರಕ್ ಎಂಬ ಅಧಿಕಾರಿ 1894ರಲ್ಲಿ ಹೊರತಂದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ ಇದೆ. ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಏಳನೆಯ ಸಂಪುಟದಲ್ಲಿ ಬಾರಕೂರಿನ ಶಾಸನಗಳು ಸಾಲಾಗಿವೆ. ಬಾರಕೂರಿನ ಕಾಲೇಜಿನಲ್ಲಿ ಇತಿಹಾಸ ಓದುವ ಹುಡುಗ, ತಾನು ದಿನಾ ನಡೆದುಹೋಗುವ ಬೀದಿಯ ಕಲ್ಲಿನ ಬರಹ ಅಲ್ಲಿ ಅಚ್ಚಾಗಿರುವುದನ್ನು ಬೆರಳಿಟ್ಟು ಓದಿದರೆ, ಆಮೇಲೆ ಇತಿಹಾಸ ಅವನಿಗೆ ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. ಕೆ.ವಿ. ರಮೇಶರ ದಕ್ಷಿಣ ಕನ್ನಡದ ಇತಿಹಾಸ, ಪಿ. ಗುರುರಾಜ ಭಟ್ಟರು 1975ರಲ್ಲಿ ತಂದ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಬೃಹತ್ ಗ್ರಂಥ, ಪಂಜು ಗಂಗೊಳ್ಳಿಯವರ ಕುಂದಾಪ್ರ ಕನ್ನಡ ನಿಘಂಟು, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಬಂದ ಕಿಟೆಲ್ ಕೋಶ. ಇವೆಲ್ಲ ಎರವಲು ಸಿಗುವ ಪುಸ್ತಕಗಳಲ್ಲ. ಅಲ್ಲೇ ಕೂತು ನೋಡಬೇಕಾದವು. ಅದಕ್ಕೇ ಹೋಗಬೇಕು ಅನ್ನುವುದು.

ಮಹಾಪ್ರಬಂಧಗಳ ವಿಭಾಗವನ್ನು ತಪ್ಪದೆ ತೋರಿಸಬೇಕು. ಪಿಎಚ್.ಡಿ. ಅಂದರೆ ಏನು ಎಂಬುದು ನಮ್ಮ ಬಹುಪಾಲು ಪದವಿ ವಿದ್ಯಾರ್ಥಿಗಳಿಗೆ ಹೆಸರಿನ ಹಿಂದಿನ ಡಾಕ್ಟರ್ ಎಂಬ ಪದವಷ್ಟೇ. ರಟ್ಟು ಹಾಕಿದ ಒಂದು ಮಹಾಪ್ರಬಂಧವನ್ನು ಕೈಗೆ ಕೊಟ್ಟು, ಪುಟ ತಿರುಗಿಸಿ, ಪ್ರಶ್ನೆ ಎಲ್ಲಿ ಶುರುವಾಯಿತು, ಯಾರನ್ನು ಮಾತಾಡಿಸಿದರು, ಯಾವ ಊರಿಗೆ ಹೋದರು ಎಂದು ತೋರಿಸಿದರೆ ಅದು ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಬಿ.ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ ಮೊದಲು ಇಂಥ ಮಹಾಪ್ರಬಂಧವೇ ಆಗಿತ್ತು. ಪಾಡ್ದನ ಹಾಡುವ ಅಜ್ಜಿಯ ಮನೆಯಿಂದ ವಿಶ್ವವಿದ್ಯಾಲಯದವರೆಗೆ ದಾರಿ ಇದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಈಗ ಕುಂದಾಪ್ರ ಕನ್ನಡ ಅಧ್ಯಯನ ಪೀಠವೂ ಇದೆ. ಮನೆಯ ಮಾತನ್ನು ಕಾಲೇಜಿನಲ್ಲಿ ಆಡಲು ಹಿಂಜರಿಯುವ ನಮ್ಮ ಮಕ್ಕಳಿಗೆ, ಆ ಮಾತೂ ಅಧ್ಯಯನಕ್ಕೆ ಅರ್ಹ ಎಂದು ಕೊಣಾಜೆಯಲ್ಲಿ ನಿಂತು ಹೇಳಬಹುದು.

‘ಎಲ್ಲ ಮೊಬೈಲಿನಲ್ಲೇ ಸಿಗುವಾಗ ಅಷ್ಟು ದೂರ ಯಾಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮೊಬೈಲಿನಲ್ಲಿ ಸಿಗುವುದು ಹೌದು. ಆದರೆ ಸಿಗುತ್ತದೆ ಎಂಬುದೇ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಐದು ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ಓದಲು ದುಡ್ಡು ಬೇಡ, ಯಾರ ಅನುಮತಿಯೂ ಬೇಡ. ಅದೇ ಕೇಂದ್ರದ ಎನ್-ಲಿಸ್ಟ್ ಯೋಜನೆಗೆ ಸೇರಿದ ಕಾಲೇಜಿನ ವಿದ್ಯಾರ್ಥಿಗೆ ಪಾಸ್‌ವರ್ಡ್ ಒಂದಿದ್ದರೆ ಮನೆಯಲ್ಲಿ ಕೂತೇ ಇ-ಪುಸ್ತಕ ತೆರೆಯಬಹುದು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿತು. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ಜರ್ನಲ್‌ಗಳನ್ನು ದೇಶದ 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದಿಡುವುದು ಉದ್ದೇಶ. 2025ರ ಜನವರಿ 1ರಿಂದ ಇದು ಜಾರಿಯಲ್ಲಿದೆ. ರಾಜ್ಯ ಸರ್ಕಾರಗಳು ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳೂ ಈ ಯೋಜನೆಯ ವ್ಯಾಪ್ತಿಗೆ ಬರುತ್ತವೆ. ಇಷ್ಟು ದೊಡ್ಡ ಬಾಗಿಲು ತೆರೆದಿರುವಾಗ ‘ಇಲ್ಲಿ ಬಾಗಿಲಿದೆ, ಹೀಗೆ ತಳ್ಳಬೇಕು’ ಎಂದು ಯಾರಾದರೂ ಪಕ್ಕದಲ್ಲಿ ಕೂತು ಒಮ್ಮೆ ತೋರಿಸಬೇಡವೇ? ವಿಶ್ವವಿದ್ಯಾಲಯದ ಗ್ರಂಥಾಲಯದ ಡಿಜಿಟಲ್ ವಿಭಾಗದಲ್ಲಿ ಅರ್ಧ ಗಂಟೆ ಕಲಿತದ್ದನ್ನು ವಿದ್ಯಾರ್ಥಿ ಊರಿಗೆ ಬಂದ ಮೇಲೂ ದಿನಾ ಬಳಸಬಹುದು. ದೂರ ಹೋಗಿ ಬಂದದ್ದಕ್ಕೆ ಅದೇ ಲಾಭ.

ಕೊಣಾಜೆಗೆ ನೇರವಾಗಿ ಹೊರಡುವ ಮೊದಲು ಹತ್ತಿರದಲ್ಲೇ ಅಭ್ಯಾಸ ಮಾಡಬಹುದು. ಮೊದಲ ಸುತ್ತು ನಮ್ಮ ನಮ್ಮ ಕಾಲೇಜಿನ ಗ್ರಂಥಾಲಯದಲ್ಲೇ ಆಗಲಿ. ಎರಡನೆಯದು ಉಡುಪಿಯ ಎಂಜಿಎಂ ಕಾಲೇಜು ಆವರಣದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಪುಸ್ತಕ ಸಂಗ್ರಹ ಇಲ್ಲಿಗೆ ಬಂತು. ಹಲವು ಭಾಷೆಗಳನ್ನು ಬಲ್ಲ ಒಬ್ಬ ವಿದ್ವಾಂಸ ಹಳ್ಳಿಯ ಮನೆಯಲ್ಲಿ ಕೂತು ಎಂಥ ಪುಸ್ತಕಗಳನ್ನು ಕಲೆಹಾಕಬಹುದು ಎಂಬುದನ್ನು ಅಲ್ಲಿ ನೋಡಬಹುದು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ಆರು ಸಂಪುಟಗಳ ತುಳು ನಿಘಂಟು ಸಿದ್ಧವಾದದ್ದೂ ಇದೇ ಕೇಂದ್ರದಲ್ಲಿ. ಬ್ರಹ್ಮಾವರದಿಂದ ಉಡುಪಿಗೆ ಬರೀ ಹದಿಮೂರು ಕಿಲೋಮೀಟರ್ ಆಸುಪಾಸು, ಸಿಟಿ ಬಸ್ಸಿನ ದೂರ. ಮೂರನೆಯ ಸುತ್ತು ಮಣಿಪಾಲ ಅಥವಾ ಕೊಣಾಜೆ. ಮೀನುಗಾರಿಕೆಯಲ್ಲಿ ಆಸಕ್ತಿ ಇರುವವರಿಗೆ ಮಂಗಳೂರಿನಲ್ಲಿ 1969ರಿಂದ ಇರುವ ಮೀನುಗಾರಿಕಾ ಕಾಲೇಜು. ಮೊದಲೇ ಪ್ರಾಂಶುಪಾಲರಿಂದ ಪತ್ರ ಬರೆಸಿ, ಗ್ರಂಥಪಾಲಕರಿಗೆ ಗುಂಪಿನ ಗಾತ್ರ ಮತ್ತು ಮಕ್ಕಳ ಪ್ರಶ್ನೆಗಳ ಪಟ್ಟಿ ಕಳಿಸಿ ಹೋಗಬೇಕು. ಪ್ರಶ್ನೆಗಳ ಪಟ್ಟಿ ಸಿಕ್ಕಿದ ಗ್ರಂಥಪಾಲಕರು ಸುಮ್ಮನೆ ಕೂರುವುದಿಲ್ಲ. ಪುಸ್ತಕಗಳನ್ನು ತೆಗೆದಿಟ್ಟು ಕಾಯುತ್ತಾರೆ. ಆ ವೃತ್ತಿಯವರಿಗೆ ಪ್ರಶ್ನೆ ಕೇಳುವ ಓದುಗ ಬಂದದ್ದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿಲ್ಲ.

ಈ ಮಣ್ಣಿಗೆ ಪುಸ್ತಕದ ಸಂಬಂಧ ಹೊಸತೇನಲ್ಲ. ಕೋಟದ ಶಿವರಾಮ ಕಾರಂತರು ಕಾಲೇಜು ಬಿಟ್ಟವರು. ಆದರೂ ಕನ್ನಡದ ಮಕ್ಕಳಿಗೆ ‘ಬಾಲ ಪ್ರಪಂಚ’ದಂಥ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಒಬ್ಬರೇ ಬರೆದರು. ಬೈಂದೂರು ಬಳಿಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದರು. ಕಥೆಗಾರ್ತಿ ವೈದೇಹಿ ಕುಂದಾಪುರದವರು. ಇವರಿಗೆಲ್ಲ ಯಾರೂ ಗ್ರಂಥಾಲಯ ಸುತ್ತಿಸಿರಲಿಲ್ಲ, ನಿಜ. ಆದರೆ ಒಬ್ಬ ಕಾರಂತ ತಾನಾಗಿ ದಾರಿ ಕಂಡುಕೊಂಡ ಎಂಬುದು, ಉಳಿದ ಸಾವಿರಾರು ಮಕ್ಕಳಿಗೆ ದಾರಿ ತೋರಿಸದಿರಲು ಕಾರಣವಾಗಬಾರದು. ಅಸಾಧಾರಣರಿಗೆ ವ್ಯವಸ್ಥೆ ಬೇಕಾಗುವುದಿಲ್ಲ. ಸಾಧಾರಣ ಬುದ್ಧಿಯ, ಸಂಕೋಚದ, ಒಳ್ಳೆಯ ಪ್ರಶ್ನೆ ಇದ್ದೂ ಕೇಳಲು ಬಾಯಿ ಬಾರದ ಮಗುವಿಗೆ ವ್ಯವಸ್ಥೆ ಬೇಕು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳಿಂದ ಹೈಸ್ಕೂಲು ಮಕ್ಕಳಿಗೆ ಕಾಲೇಜು ಗ್ರಂಥಾಲಯ, ಕಾಲೇಜು ಮಕ್ಕಳಿಗೆ ವಿಶ್ವವಿದ್ಯಾಲಯದ ಗ್ರಂಥಾಲಯ ಹೀಗೆ ಸರಪಣಿ ಕಟ್ಟುವುದು ಕಷ್ಟವಲ್ಲ. ಖರ್ಚು ಬಸ್ಸಿನದು ಮತ್ತು ಮಧ್ಯಾಹ್ನದ ಊಟದ್ದು. ಹಳೆ ವಿದ್ಯಾರ್ಥಿ ಸಂಘಗಳು, ಊರ ದಾನಿಗಳು, ಮುಂಬೈ–ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಹೋಟೆಲು ಉದ್ಯಮಿಗಳು ಶಾಲೆಗೆ ಕಟ್ಟಡ, ರಂಗಮಂದಿರ, ಬಸ್ಸು ಕೊಟ್ಟ ಉದಾಹರಣೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ವರ್ಷಕ್ಕೊಂದು ಗ್ರಂಥಾಲಯ ಪ್ರವಾಸದ ಖರ್ಚು ಅವರಿಗೆ ಭಾರವಲ್ಲ. ಕೇಳಿದರೆ ಕೊಡುತ್ತಾರೆ ಎಂಬ ನಂಬಿಕೆ ನನಗಿದೆ.

ರಂಗನಾಥನ್ ಜನ್ಮದಿನದ ನೆನಪಿಗೆ ಆಗಸ್ಟ್ 12ರಂದು ಗ್ರಂಥಪಾಲಕರ ದಿನಾಚರಣೆ ನಡೆಯುತ್ತದೆ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಆಗಸ್ಟ್‌ನಲ್ಲಿ ನಮ್ಮ ಮಳೆಯನ್ನು ನಂಬುವಂತಿಲ್ಲ. ನವೆಂಬರ್ ಒಳ್ಳೆಯ ತಿಂಗಳು, ದಾರಿ ಒಣಗಿರುತ್ತದೆ, ಪರೀಕ್ಷೆಯ ಗಡಿಬಿಡಿಯೂ ಅಷ್ಟಿರುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಪ್ರತಿಯೊಂದು ಪದವಿ ಕಾಲೇಜು ಆ ವಾರದಲ್ಲಿ ಹದಿನೈದು ಮಂದಿಯ ಒಂದು ಗುಂಪನ್ನಾದರೂ ಹೊರಡಿಸಲಿ. ಪ್ರಾಂಶುಪಾಲರು ಈಗಲೇ ಪತ್ರ ಬರೆಯಲಿ, ಗ್ರಂಥಪಾಲಕರು ಮಕ್ಕಳಿಂದ ಪ್ರಶ್ನೆ ಬರೆಸಿಕೊಳ್ಳಲಿ. ನಿಮ್ಮ ಮನೆಯಲ್ಲಿ ಪದವಿ ಓದುವ ಮಗನೋ ಮಗಳೋ ಇದ್ದರೆ, ಈ ವರ್ಷದ ಪ್ರವಾಸ ಎಲ್ಲಿಗೆ ಎಂದು ಕೇಳುವಾಗ ಗ್ರಂಥಾಲಯಕ್ಕೂ ಹೋಗುತ್ತೀರಾ ಎಂದು ದಯವಿಟ್ಟು ಕೇಳಿ.